ಇದ್ದಿದ್ದು ಹೇಳುವ ಮನೆ ಬ್ರೋಕರು

ಎಂಬತ್ತರ ದಶಕದಲ್ಲಿ ಶಿಡ್ಲಘಟ್ಟಕ್ಕೆ ವರ್ಗವಾಗಿ ಬಂದಾಗ ನಮಗೆ ಬಾಡಿಗೆ ಮನೆಗಳನ್ನು ತೋರಿಸಿದ ಬ್ರೋಕರು, ಬಾಗಿಲು ತೆಗೆಯುವ ಮೊದಲೇ ಟೋಪಿ ಸರಿಮಾಡಿಕೊಂಡು, "ಇದ್ದಿದ್ದು ಹೇಳ್ಬಿಡ್ತೀನಿ ಸಾರ್" ಎಂದು ಮನೆಯ ದೋಷಗಳನ್ನೆಲ್ಲ ಒಪ್ಪಿಸುತ್ತಿದ್ದರು. ಹೀಗೆ ಐದು ಮನೆಗಳು ಕೈತಪ್ಪಿದವು. ಮೂರು ವಾರ ಲಾಡ್ಜಿನಲ್ಲಿ ಕಳೆದ ನನ್ನ ಹೆಂಡತಿ ತವರಿಗೆ ಹೊರಡಲು ಸಿದ್ಧಳಾಗಿದ್ದಳು.

ಆರನೆಯ ಮನೆಯ ಒಡತಿ ಬಾಗಿಲಲ್ಲೇ ನಿಂತು, ಬಾಡಿಗೆ ಮುನ್ನೂರು ಎಂದರು.

ಬ್ರೋಕರು ಶುರುಮಾಡಿದರು: "ಇದ್ದಿದ್ದು ಹೇಳ್ಬಿಡ್ತೀನಿ ಸಾರ್. ಮಳೆ ಬಂದ್ರೆ ಅಡುಗೆಮನೆ ಸೋರ್ತದೆ. ಈಯಮ್ಮಂದು ಬಾಯಿ ಸ್ವಲ್ಪ ಜೋರು."

"ಯಾರಯ್ಯಾ ಬಾಯಿ ಜೋರು?" ಒಡತಿಯ ಕೂಗಿಗೆ ಬೀದಿಯ ಕಿಟಕಿಗಳೆಲ್ಲ ತೆರೆದವು.

ಬ್ರೋಕರು ನನ್ನತ್ತ ತಿರುಗಿ ಮೆಲ್ಲಗೆ, "ಕೇಳಿಸ್ತಲ್ಲ ಸಾರ್?" ಎಂದರು.

ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಒಡತಿಯೂ ತಡೆಯಲಾರದೆ ನಕ್ಕು, ಐವತ್ತು ರೂಪಾಯಿ ಇಳಿಸಿದರು. ಅಂದೇ ಸಂಜೆ ಆ ಮನೆಯಲ್ಲಿ ಹಾಲು ಉಕ್ಕಿಸಿದೆವು.