ಮುಚ್ಚಿದ ಕಣ್ಣುಗಳ ಪುಸ್ತಕ

ಕಣ್ಣಾಸ್ಪತ್ರೆಗೆ ಬಂದವರೆಲ್ಲ ಅವಳನ್ನು ಹನಿ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಕಣ್ಣಿಗೆ ಹನಿ ಹಾಕಿ ಬೆಂಚಿನ ಮೇಲೆ ಕೂರಿಸುವುದು ಅವಳ ಕೆಲಸ. ಪಾಪೆ ಹಿಗ್ಗುವ ತನಕ ಅವರು ಕಣ್ಣು ಮುಚ್ಚಿಕೊಂಡೇ ಇರಬೇಕು. ಜಗಳ ಕಾಯುತ್ತ ಒಳಗೆ ಬಂದವರೂ ಆ ಬೆಂಚಿನಲ್ಲಿ ಮೆತ್ತಗಾಗಿಬಿಡುತ್ತಿದ್ದರು. ಆ ಮುಖಗಳು ಅವಳ ಮನಸ್ಸಿಗೆ ಅಂಟಿಕೊಂಡವು. ಬಿಡುವಾದಾಗ, ಅವರನ್ನು ಕೇಳಿಯೇ, ಪೆನ್ಸಿಲ್ಲಿನಲ್ಲಿ ಬರೆಯತೊಡಗಿದಳು. ಕೆಲವು ವರ್ಷಗಳಲ್ಲಿ ಒಂದು ಪುಸ್ತಕಕ್ಕಾಗುವಷ್ಟು ಚಿತ್ರಗಳಾದವು.

ಪುಸ್ತಕವೆಂದರೆ ಚಿತ್ರಗಳನ್ನು ಸ್ಕ್ಯಾನ್ ಮಾಡಿ, ಕಾಗದದ ಕಲೆ ತೆಗೆದು, ಹಿನ್ನೆಲೆಗೆ ತೆಳುಬಣ್ಣ ತುಂಬಬೇಕು. ಅವಳಿಗೆ ಕಂಪ್ಯೂಟರ್ ಅಷ್ಟಕ್ಕಷ್ಟೆ. ಅಕ್ಕನ ಗಂಡನದು ಫೋಟೋ ಸ್ಟುಡಿಯೋ. "ಕೊಡು ಇಲ್ಲಿ, ಇದೇನ್ ಮಹಾ! ಎಷ್ಟು ಮದುವೆ ಆಲ್ಬಮ್ ಮಾಡಿ ಬಿಸಾಕಿಲ್ಲ ನಾನು" ಎಂದು ಭಾವ ತಾನಾಗಿಯೇ ಹೊಣೆ ಹೊತ್ತ.

ಇಂದು ನಾಳೆ ಎಂದು ದಿನ ದೂಡಿ, ಕೊನೆಗೊಂದು ಭಾನುವಾರ ಕರೆದು, ಕುರ್ಚಿ ಹಾಕಿ ಕೂರಿಸಿ, ಪರದೆ ತೋರಿಸಿದ. ಚಿತ್ರದಲ್ಲಿದ್ದವರೆಲ್ಲ ಕಣ್ಣರಳಿಸಿ ಅವಳನ್ನೇ ನೋಡುತ್ತಿದ್ದರು!

"ಏನ್ ಮಾಡಿದ್ರಿ ಭಾವ ಇದು?"

"ಕಣ್ಣು ತೆರೆಸ್ದೆ. ಒಬ್ರೂ ಬಿಟ್ಟಿರ್ಲಿಲ್ಲ ನೋಡು. ಗ್ರೂಪ್ ಫೋಟೋದಲ್ಲಿ ಒಬ್ಬ ಕಣ್ಣು ಮುಚ್ಚಿದ್ರೆ ಸಾಕು, ಜನ ನನ್ ಜೀವ ತಿಂತಾರೆ."

"ಮುಚ್ಚಿರೋ ಕಣ್ಣೇ ಪುಸ್ತಕ!"

"ಮೊದ್ಲೇ ಹೇಳೋದಲ್ವಾ?"

ಹೇಳಿದ್ದಳು. ಬಿಡಿಸಿ ಬಿಡಿಸಿ ಹೇಳಿದ್ದಳು. ಸಾಲದ್ದಕ್ಕೆ, ಅವನು ಹಳೆಯ ಸ್ಕ್ಯಾನ್‌ಗಳ ಮೇಲೆಯೇ ಸೇವ್ ಮಾಡಿದ್ದ. ಕೈಯಲ್ಲಿದ್ದ ಕಾಗದದ ಚಿತ್ರಗಳನ್ನು ಮತ್ತೆ ಸ್ಕ್ಯಾನ್ ಮಾಡಬಹುದಿತ್ತು. ಆದರೆ ತರಕಾರಿ ಮಾರುವ ಅಜ್ಜಿಯ ಚಿತ್ರವನ್ನು, ಅಜ್ಜಿ ಆಸೆಪಟ್ಟಳೆಂದು, ಸ್ಕ್ಯಾನ್ ಆದ ಮೇಲೆ ಅವಳಿಗೇ ಕೊಟ್ಟಾಗಿತ್ತು. ಅಜ್ಜಿ ಅದನ್ನು ಹಿಡಿದು ದೂರದ ಮಗಳ ಮನೆಗೆ ಹೋದವಳು ಮತ್ತೆ ಇತ್ತ ಸುಳಿದಿರಲಿಲ್ಲ. ಎಲ್ಲಕ್ಕಿಂತ ಸಿಸ್ಟರಿಗೆ ಮೆಚ್ಚಾಗಿದ್ದ ಚಿತ್ರ ಅದೇ. ಈಗ ಅಜ್ಜಿಯ ಮುಖದಲ್ಲಿ ಯಾವಳೋ ಮದುಮಗಳ ಕಾಡಿಗೆ ಕಣ್ಣು.

ಮರುದಿನ ಡ್ಯೂಟಿ ಮುಗಿಸಿ ಸ್ಟುಡಿಯೋದಲ್ಲಿ ತಾನೇ ಕೂತಳು. ಮೌಸ್ ಹಿಡಿದು ರೆಪ್ಪೆ ಎಳೆದರೆ ಗೆರೆ ಹುಳುವಿನಂತೆ ಹೊರಳಿತು. ಅಳಿಸಿದಳು, ಎಳೆದಳು, ಮತ್ತೆ ಅಳಿಸಿದಳು. ಹಿಂದೆ ನಿಂತ ಭಾವ "ಅದನ್ನೊತ್ತು, ಇದನ್ನೊತ್ತು" ಎಂದು ತಲೆ ತಿನ್ನುತ್ತಿದ್ದ.

"ಸ್ವಲ್ಪ ಬಾಯ್ ಮುಚ್ಕೊಂಡಿರ್ತೀರಾ?" ಅಂದುಬಿಟ್ಟಳು. ಯಾವತ್ತೂ ಭಾವನಿಗೆ ಎದುರಾಡಿದವಳಲ್ಲ.

ಸ್ಟುಡಿಯೋಗೆ ಅಂಟಿದ್ದ ಮನೆಯೊಳಗಿನಿಂದ ಅಕ್ಕ, "ಇಷ್ಟು ದಿನ ನಾನೊಬ್ಳೇ ಹೇಳ್ತಿದ್ದೆ, ಜೊತೆ ಸಿಕ್ತು ಬಿಡು" ಎಂದಳು. ತಂಗಿಗೆ ನಗು ಬರಲಿಲ್ಲ.

ರೋಸಿಹೋಗಿ ಮೌಸ್ ತಳ್ಳಿ, ಚೀಲದಿಂದ ಪೆನ್ಸಿಲ್ ತೆಗೆದಳು. ಬಿಳಿ ಹಾಳೆಯ ಮೇಲೆ, ನೆನಪಿನಿಂದ, ಬರೀ ರೆಪ್ಪೆಗಳನ್ನೇ ಬರೆಯುತ್ತ ಹೋದಳು. ಹಾಳೆ ತುಂಬಿತು. ಕೊನೆಗೊಂದು ಜೋಡಿ ಅಜ್ಜಿಯದೇ ಅನ್ನಿಸಿತು. ಅದನ್ನು ಸ್ಕ್ಯಾನ್ ಮಾಡಿ ಮುಖದ ಮೇಲೆ ಕೂರಿಸಿದಾಗ, ಭಾವ ತುಟಿಪಿಟಕ್ಕೆನ್ನದೆ ಬಂದು ಅಂಚು ಬೆಸೆದು ಕೊಟ್ಟ. ಆ ಕೆಲಸದಲ್ಲಿ ಅವನ ಕೈ ನಿಜಕ್ಕೂ ನಯ.

ಪುಸ್ತಕ ಬಂತು. ಆಸ್ಪತ್ರೆಯವರು ಬೆಂಚಿನ ಪಕ್ಕದಲ್ಲೇ ಒಂದು ಪ್ರತಿ ಇಟ್ಟರು. ಹನಿ ಹಾಕಿಸಿಕೊಂಡವರಿಗೆ ಅದು ಕಾಣುತ್ತಿರಲಿಲ್ಲ ಎಂಬುದು ಬೇರೆ ಮಾತು. ಅಜ್ಜಿಯ ಪುಟವನ್ನು ನೋಡಿದವರೆಲ್ಲ ಹೊಗಳಿದರು. ಅವಳಿಗೆ ಮಾತ್ರ ಎಡಗಣ್ಣಿನ ರೆಪ್ಪೆ ಒಂದು ಕೂದಲೆಳೆ ಹೆಚ್ಚು ಕಪ್ಪಾಗಿ ಕಾಣುತ್ತದೆ.

"ಎಲ್ಲಿ? ನಂಗೇನೂ ಕಾಣಲ್ಲಮ್ಮ" ಎನ್ನುತ್ತಾನೆ ಭಾವ.

ಅವಳು ಪುಟ ತಿರುವಿಬಿಡುತ್ತಾಳೆ.