ಭಾಸ್ಕರನ ಖಾಲಿ ಜಾಗ

ಗೆಳೆಯರೇ, ಇವತ್ತು ಚೆಂಬೂರಿನ ಮೈದಾನದಲ್ಲಿ ನಮ್ಮ ಹೋಟೆಲ್ಲಿನ ಫುಟ್‌ಬಾಲ್ ಟೀಮ್ ಒಂದು ಗೋಲಿನಿಂದ ಗೆದ್ದಿತು. ಕೋಚ್ ನಾನೇ. ಆದರೆ ಪಾಸುಗಳೆಲ್ಲ ಕೆಟ್ಟವು. ಮೊನ್ನೆ ತೀರಿಹೋದ ನಮ್ಮ ಆಟಗಾರ ಭಾಸ್ಕರನ ಹದಿಮೂರನೇ ದಿನದ ಕ್ರಿಯೆ ಮುಗಿಯುವವರೆಗೆ ಅವನ ಎಡಗಡೆಯ ಜಾಗದಲ್ಲಿ ಯಾರೂ ಆಡಕೂಡದೆಂದು ನಾನೇ ತಡೆದಿದ್ದೆ. ಆಡಿದವರು ಹತ್ತೇ ಜನ. ಅವರು ಅಭ್ಯಾಸಬಲದಿಂದ ಅಲ್ಲಿಗೇ ಒದೆಯುತ್ತಿದ್ದರು, ಚೆಂಡು ಗೆರೆ ದಾಟುತ್ತಿತ್ತು.

“ಸೋತರೆ ಲೀಗಿನಿಂದ ಔಟ್. ಅಲ್ಲಿ ಯಾರನ್ನಾದರೂ ನಿಲ್ಲಿಸಿ ಮಾರಾಯ್ರೆ,” ಎಂದ ಕ್ಯಾಪ್ಟನ್ ಸುರೇಶ. ನಾನು ಒಪ್ಪಲಿಲ್ಲ.

ಕೊನೆಯ ನಿಮಿಷದಲ್ಲಿ ಆ ಖಾಲಿ ಜಾಗದಿಂದ ಚೆಂಡು ನೇರ ಸುರೇಶನ ಕಾಲಿಗೆ ವಾಪಸ್ ಬಂತು. ಗೋಲ್.

ಆಮೇಲೆ ಎದುರಾಳಿ ಗೋಲ್‌ಕೀಪರ್ ಕೇಳಿದ: “ಅಂಕಲ್, ಮಸ್ತ್ ಪಾಸ್ ಕೊಟ್ಟರಲ್ಲ, ನಿಮ್ಮ ಎಡಗಡೆಯವರು, ಎಲ್ಲಿ ಹೋದರು?”

ನನ್ನ ತರಬೇತಿ ಸತ್ತವರಿಗೂ ನಾಟುತ್ತದೆಂದು ಕೊಚ್ಚಿಕೊಳ್ಳಬಹುದಿತ್ತು. ಆದರೆ ಬದುಕಿದ್ದಾಗ ಭಾಸ್ಕರ ಒಬ್ಬರಿಗೂ ಪಾಸ್ ಕೊಟ್ಟವನಲ್ಲ.