ಬನಹಟ್ಟಿಯಲ್ಲಿ ಹಾರಿ ನಿಂತ ಟ್ರಿನಿಡಾಡಿನ ಹಕ್ಕಿಗಳು

ಮೊದಲೇ ಹೇಳಿಬಿಡುತ್ತೇನೆ: ಟ್ರಿನಿಡಾಡ್ ದೇಶವನ್ನು ಅರ್ಧಕ್ಕೆ ನಿಲ್ಲಿಸಿದ ಮಗ ನಾನೇ. ಮಷಿನ್ನಿನ ತಪ್ಪಿರಲಿಲ್ಲ, ಕಾಕಾನ ತಪ್ಪಿರಲಿಲ್ಲ. ಕರೆಂಟು ಕೂಡ ಆ ಸಂಜೆ ಎಂದೂ ಇಲ್ಲದ ಮರ್ಯಾದೆಯಿಂದ ಓಣಿಯಲ್ಲೇ ಕೂತಿತ್ತು. ತಪ್ಪೆಲ್ಲ ನನ್ನ ಗಂಟಲಿನದು. ಈ ಗಂಟಲಿಗೆ ಜಮಖಂಡಿ ಬಸ್ಸಿನ ಕಂಡಕ್ಟರನಿಂದ ಹಿಡಿದು ನಮ್ಮನಿ ಎಮ್ಮೆಯವರೆಗೆ ಎಲ್ಲರ ಧ್ವನಿ ಬರುತ್ತದೆ. ನನ್ನ ಸ್ವಂತದ್ದು ಯಾವುದು ಅನ್ನುವುದಷ್ಟೇ ಗೊತ್ತಿಲ್ಲ. ಬಾಗಿಲಲ್ಲಿ ನಿಂತು "ಅವ್ವಾ" ಅಂದರೆ ಹಡೆದವಳೇ ಒಳಗಿಂದ "ಯಾರ್ರೀ ಅವರು?" ಅನ್ನುತ್ತಾಳೆ.

ಗಣಪತಿ ಕೂರಿಸಿದಾಗ ನಮ್ಮ ಕಡೆ ಪೆಂಡಾಲಿನಲ್ಲಿ ದೇಖಾವೆ ಮಾಡುವುದುಂಟು. ಗೊಂಬೆ ಕುಣಿಯಬೇಕು, ನೀರು ಚಿಮ್ಮಬೇಕು, ಮೈಕಿನಲ್ಲಿ ಒಬ್ಬ ಕಥೆ ಹೇಳಬೇಕು. ಚಿಮ್ಮಡ, ರನ್ನ ಬೆಳಗಲಿ ಕಡೆಯ ಮಂದಿ ಸಹ ಆಟೋ ಮಾಡಿಕೊಂಡು ನೋಡಲು ಬರುತ್ತಾರೆ. ನಮ್ಮ ಓಣಿಯ ದೇಖಾವೆ ಮಾಡುವವನು ನನ್ನ ಕಾಕಾ, ಅಪ್ಪನ ತಮ್ಮ. ಸೀರೆ ನೇಯುವ ಕೈ, ಹಗಲೆಲ್ಲ ಮಗ್ಗದ ಮುಂದೆ. ಅವನ ಗೊಂಬೆಗಳು ನೋಡಲು ಭಾಳ ಛಲೋ. ತೊಂದರೆ ಒಂದೇ, ನಡುವೆ ನಿಂತುಬಿಡುತ್ತವೆ. ಹೋದ ವರ್ಷ ಮೇಲಕ್ಕೆ ಹಾರಿದ ಗರುಡ ಕೆಳಗೆ ಬರಲೇ ಇಲ್ಲ. ಗಣಪತಿಯನ್ನು ಕಳಿಸುವ ದಿನ ನಿಚ್ಚಣಿಕೆ ಹಾಕಿ ಇಳಿಸಿದೆವು.

ಅದಕ್ಕೇ ಈ ಸಲ ಗಣಪತಿ ಮಂಡಳಿಯ ಹಿರಿಯರೊಬ್ಬರು ಬಂದು ಹೇಳಿದರು. ಅವರು ಪ್ರತಿ ಮಾತನ್ನೂ ಎರಡೆರಡು ಸಲ ಹೇಳುವವರು. "ಇದs ಕಡೀಗಿ ಸಲ ನೋಡಪಾ, ಕಡೀಗಿ ಸಲ. ಈ ಸಲ ನಿಂತ್ರ ಮುಂದಿನ ವರ್ಷದಿಂದ ಹುಬ್ಬಳ್ಳಿ ಲೈಟಿನವರನ್ನ ಕರಸ್ತೀವಿ, ಕರಸ್ತೀವಿ."

ಕಾಕಾ ಆ ದಿನ ಊಟ ಮಾಡಲಿಲ್ಲ. ಕೈಗೆ ಮಗ್ಗ ಹೇಗೋ, ಎದೆಗೆ ದೇಖಾವೆ ಹಾಗೆ ಅವನಿಗೆ. ವರ್ಷದಲ್ಲಿ ಆ ನಾಲ್ಕು ಸಂಜೆ ಮಂದಿ ಅವನ ಕಡೆ ಬೆರಳು ಮಾಡಿ "ಇವರೇ ಮಾಡಿದ್ದು" ಅಂದರೆ ಉಳಿದ ದಿನಗಳು ತಾವಾಗಿಯೇ ನಡೆಯುತ್ತಿದ್ದವು.

ಟ್ರಿನಿಡಾಡ್ ಬಂದದ್ದು ಕ್ರಿಕೆಟ್ಟಿನಿಂದ. ವೆಸ್ಟ್ ಇಂಡೀಜ್ ಅನ್ನುವುದು ಒಂದೇ ದೇಶವೆಂದು ಕಾಕಾ ನಂಬಿದ್ದ. ಮೊಬೈಲಿನಲ್ಲಿ ನೋಡಿದರೆ ಅದು ಹತ್ತಾರು ದ್ವೀಪಗಳ ಕೂಡು ಕುಟುಂಬ! ಎರಡು ದಿನ ಮೋಸಹೋದವರ ಮುಖ ಹೊತ್ತು ತಿರುಗಿದ. ಮೂರನೆಯ ದಿನ ಅದೇ ಮೊಬೈಲಿನಲ್ಲಿ, ಆ ದ್ವೀಪಗಳಲ್ಲೊಂದಾದ ಟ್ರಿನಿಡಾಡಿನಲ್ಲಿ, ಸಮುದ್ರದ ನಡುವಿನ ಗುಡಿಯೊಂದು ಕಂಡಿತು. ನಮ್ಮ ದೇಶದಿಂದ ಕಬ್ಬಿನ ಕೆಲಸಕ್ಕೆ ಹಡಗಿನಲ್ಲಿ ಹೋದ ಒಬ್ಬ ಕೂಲಿ ಮನುಷ್ಯ ಅದನ್ನು ಕಟ್ಟಿದ್ದಂತೆ. ಮೊದಲು ನೆಲದ ಮೇಲೆ ಕಟ್ಟಿದ. ಜಾಗ ಸಕ್ಕರೆ ಕಂಪನಿಯದೆಂದು ಕೆಡವಿ, ಅವನನ್ನು ಜೈಲಿಗೂ ಹಾಕಿದರು. ಹೊರಗೆ ಬಂದವನು, ಸಮುದ್ರ ಯಾರದೂ ಅಲ್ಲವಲ್ಲ ಎಂದು ಸೈಕಲ್ಲಿನ ಮೇಲೆ ಕಲ್ಲು ಹೇರಿ ವರ್ಷಗಟ್ಟಲೆ ನೀರಿಗೆ ಸುರಿದು ಮತ್ತೆ ಕಟ್ಟಿದ. ಸುತ್ತ ಮುಧೋಳದವರೆಗೆ ಕಬ್ಬೇ ಕಬ್ಬು ನೋಡಿದ ಕಾಕಾನಿಗೆ ಇದು ನೆಂಟರ ಸುದ್ದಿ ಕೇಳಿದಂತಾಯಿತು.

"ಇದನ್ನs ಮಾಡೂಣು," ಅಂದ. "ಗಣಪತಿಗೂ ಒಂದಿಷ್ಟು ಪರದೇಶ ತೋರಸೂಣು."

ಮಾಡಿದ. ನೀಲಿ ಸೀರೆಗಳನ್ನು ಹಾಸಿ, ಕೆಳಗೆ ಮಗ್ಗದ ಹಲಗೆ ಏರಿಳಿಯುವಂತೆ ಕೂಡಿಸಿದಾಗ ಸಮುದ್ರ ಉಸಿರಾಡಿತು. ನಡುವೆ ಬಿಳಿ ಗುಡಿ, ಪಕ್ಕದಲ್ಲಿ ಪುಟ್ಟ ಸೈಕಲ್ಲು. ಆ ದೇಶದಲ್ಲಿ ಡಾಂಬರಿನ ಕೆರೆಯೊಂದಿದೆ, ನೆಲದೊಳಗಿಂದ ತಾನೇ ಉಕ್ಕುತ್ತದೆ, ಮೇಲೆ ಮಂದಿ ಅಡ್ಡಾಡಬಹುದು ಎಂದು ಓದಿ, ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರು ತಂದು ಅದನ್ನೂ ಮಾಡಿದ. ಉದ್ಘಾಟನೆಗೆ ಮೊದಲೇ ಆ ಕೆರೆ ನನ್ನ ಒಂದು ಚಪ್ಪಲಿ ನುಂಗಿತು. ಕೊನೆಗೆ ಹಕ್ಕಿಗಳು. ಅಲ್ಲಿಯ ಜೌಗಿನಲ್ಲಿ ಸಂಜೆಯಾದರೆ ಕುಂಕುಮದಂಥ ಕೆಂಪು ಹಕ್ಕಿಗಳು ಹಿಂಡು ಹಿಂಡಾಗಿ ಮರಕ್ಕೆ ಮರಳುತ್ತವಂತೆ. ಪ್ರವಾಸಿಗರು ದೋಣಿಯಲ್ಲಿ ಉಸಿರು ಹಿಡಿದು ಕಾಯುತ್ತಾರಂತೆ. ಸೀರೆ ಅಂಚಿನ ಉಳಿಕೆ ಕೆಂಪು ನೂಲಿನಲ್ಲಿ ಹಕ್ಕಿ ಕಟ್ಟಿ, ನೂಲು ಸುತ್ತುವ ಮಷಿನ್ನಿಗೆ ಜೋಡಿಸಿದ. ಗುಂಡಿ ಒತ್ತಿದರೆ ಅವು ಸಮುದ್ರ ದಾಟಿ ಮರಕ್ಕೆ ಬರಬೇಕು. ಬರುತ್ತಿದ್ದವು ಕೂಡ.

ಎಲ್ಲಕ್ಕೂ ಒಂದೇ ಗುಂಡಿ, ಅದು ಇದ್ದದ್ದು ಪರದೆಯ ಹಿಂದೆ. ಅಲ್ಲಿ ಕೂಡಿಸಿದ್ದು ಕಾಕಾನ ಹೆಂಡತಿ ಕಾಕುವನ್ನು. ನಮ್ಮ ಕಾಕು, ಗಂಡ ಪೂರ್ವಕ್ಕೆ ಹೋಗು ಅಂದರೆ ಪಶ್ಚಿಮದ ಬಸ್ಸು ಹತ್ತುವವಳು. ಕಾಕಾ ಕೈ ಮುಗಿದ. "ನೋಡು, ಇದೊಂದು ದಿನ ನನ್ನ ಮಾತು ಕೇಳು. ನಾ ಹಾಕು ಅಂದ್ರ ಹಾಕು. ಬಂದ್ ಅಂದ್ರ ಬಂದ್ ಮಾಡು. ಬ್ಯಾರೇದವರು ಏನರೆ ಒದರ್ಲಿ, ಕೈ ಹಚ್ಚಬ್ಯಾಡ."

"ಆತು ತಗೋರಿ," ಅಂದಳು ಕಾಕು. "ಒಂದು ದಿನ ತಾನs?"

ದೀಪ ಹಚ್ಚುವ ಹೊತ್ತಿಗೆ ಓಣಿ ತುಂಬಿತು. ಕಾಕಾ "ಹಾಕು!" ಅಂದ, ಸಮುದ್ರ ಎದ್ದಿತು. ನಾನು ಮೈಕು ಹಿಡಿದು ಕಂಡಕ್ಟರನಾದೆ. "ಟ್ರಿನಿಡಾಡ್, ಟ್ರಿನಿಡಾಡ್! ಲೋಕಾಪುರದವರು ಹಿಂದಿನ ಬಸ್ಸಿಗೆ ಬರ್ರಿ!" ನಕ್ಕರು. ಗುಡಿಯ ಕಥೆಯನ್ನು ಮಾತ್ರ ಸುಮ್ಮನೆ ಹೇಳಿದೆ. ಕಬ್ಬು ಕಡಿಯುವ ಕೆಲವರು ಸೈಕಲ್ಲನ್ನೇ ದಿಟ್ಟಿಸಿ ನೋಡುತ್ತಿದ್ದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಡಾಂಬರಿನ ಕೆರೆಗೆ ಹಿರಿಯರ ಧ್ವನಿಯನ್ನು ಇಳಿಸಿದೆ: "ಇಷ್ಟು ಡಾಂಬರ ಇಟಗೊಂಡು ಸುಮ್ನ ಕುಂತಾರಲ್ಲಪಾ, ಸುಮ್ನ ಕುಂತಾರ! ನಮ್ಮ ಓಣಿಗೆ ಎರಡು ಬುಟ್ಟಿ ಕಳಸ್ರಿ, ಎರಡು ಬುಟ್ಟಿ!" ಓಣಿಯೇ ಹೊಟ್ಟೆ ಹಿಡಿದುಕೊಂಡಿತು. ಹಿರಿಯರು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

ಅಷ್ಟರಲ್ಲಿ ಮಷಿನ್ನಿನ ನೂಲು ಬಿಗಿಯಾಗಿ ಹಕ್ಕಿಗಳು ಹೊರಟವು. ಎಂಥ ಚೆಂದ! ಮಂದಿ ಬಾಯಿ ತೆರೆದು ನೋಡುತ್ತಿದ್ದಾರೆ, ಮುಂದಿನ ಸಾಲಿನಲ್ಲಿ ಕಾಕಾ ಉಸಿರು ಬಿಗಿಹಿಡಿದು ನಿಂತಿದ್ದಾನೆ. ನನಗೆ ಅವನನ್ನೂ ಒಂದಿಷ್ಟು ಟ್ರಿನಿಡಾಡಿಗೆ ಕಳಿಸುವ ಆಸೆಯಾಯಿತು. ಮಗ್ಗದ ಮುಂದೆ ದಿನಾ ಕೂಗುವ ಅವನ ಕೂಗನ್ನೇ ಅವನ ಧ್ವನಿಯಲ್ಲಿ ಕೂಗಿದೆ: "ಏ ಬಂದ್ ಮಾಡs! ನೂಲು ಹರದೀತು, ಬಂದ್ ಮಾಡು!"

ಎಲ್ಲರೂ ನಕ್ಕರು. ಕಾಕಾನೂ ನಕ್ಕ. ಸಮುದ್ರ ಅರ್ಧ ಅಲೆಯಲ್ಲಿ ನಿಂತಿತು. ಹಕ್ಕಿಗಳು ನಡು ಆಕಾಶದಲ್ಲಿ ನಿಂತವು. ಒಂದು ತಲೆಕೆಳಗಾಗಿ ಹಿರಿಯರ ಟೊಪ್ಪಿಗೆಯ ಮೇಲೆ ಜೋತಾಡತೊಡಗಿತು.

ಕಾಕಾನ ನಗು ಹಾಗೇ ಮುಖದ ಮೇಲೆ ಒಣಗಿತು. ಗುಂಡಿಯ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. ತಾನಂತೂ ಬಂದ್ ಅಂದಿಲ್ಲವಲ್ಲ. ಸಮುದ್ರದ ಸೀರೆ ಎತ್ತಿ ಅಡಿಯಲ್ಲಿ ನುಸುಳಿ ಹಲಗೆ ತಡವಿದ, ನೂಲು ತಡವಿದ. ಎಲ್ಲ ಸರಿಯಾಗಿತ್ತು. ಸರಿ ಇದ್ದದ್ದೇ ಅವನನ್ನು ಹೆದರಿಸಿತು. ಸೀರೆಯ ಅಡಿಯಿಂದ ಅವನ ಸಣ್ಣ ಧ್ವನಿ ಬಂತು: "ಏನಾಗೇದೋ ತಿಳೀವಲ್ದು..."

"ಮುಗೀತಲ್ಲಪಾ, ಮುಗೀತು," ಅಂದರು ಹಿರಿಯರು, ಹಕ್ಕಿಯನ್ನು ಟೊಪ್ಪಿಗೆಯಿಂದ ಸರಿಸುತ್ತ. "ಲೈಟಿನವರಿಗೆ ಹೇಳೂಣು, ಹೇಳೂಣು."

ನನಗೆ ಆಗ ಹೊಳೆಯಿತು. ಮೈಕಿನಲ್ಲಿ, ಯಾರ ಧ್ವನಿಯನ್ನೂ ಹಾಕಿಕೊಳ್ಳದೆ, ಹೇಳಿದೆ: "ತಪ್ಪು ನಂದ್ರೀ. ಬಂದ್ ಮಾಡು ಅಂದಾಂವ ನಾನು. ಕಾಕಾ ಅಂದಿಲ್ಲ. ಮಷಿನ್ ಛಲೋ ಅದ."

ಮಂದಿ ಚಪ್ಪಾಳೆ ತಟ್ಟಿದರು. "ಲೇ, ಇದು ಯಾರ ಧ್ವನಿಲೇ? ಖರೇನ ಅಳಾಕತ್ತಾನ ನೋಡು!" ಎಂದು ಒಬ್ಬ ಶಿಳ್ಳೆ ಹೊಡೆದ. ಮತ್ತೊಮ್ಮೆ ಹೇಳಿದೆ, ಇನ್ನಷ್ಟು ಚಪ್ಪಾಳೆ.

ಆದರೆ ಪರದೆಯ ಹಿಂದೆ ಒಬ್ಬಳಿಗೆ ಅದು ಸರಿಯಾಗಿಯೇ ಕೇಳಿಸಿತ್ತು. ಯಾರ ಅಪ್ಪಣೆಗೂ ಕಾಯದೆ ಟಕ್ಕನೆ ಗುಂಡಿ ಒತ್ತಿದಳು. ಸಮುದ್ರ ಎದ್ದು ಕಾಕಾನ ಬೆನ್ನಿಗೆ ಗುದ್ದಿತು, ಅವನು ಅಂಬೆಗಾಲಿಟ್ಟು ದಡಕ್ಕೆ ಬಂದ. ಕೆಂಪು ಹಕ್ಕಿಗಳು ಗುಡಿಯ ಮೇಲೆ ಹಾದು ಒಂದೊಂದಾಗಿ ಮರ ಸೇರಿದವು. ಒಂದೂ ನಿಲ್ಲಲಿಲ್ಲ.

ಕಾಕು ಪರದೆ ಸರಿಸಿ, ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು.

"ಏನಾಗಿತ್ತವಾ ಮಷಿನ್ನಿಗೆ, ಏನಾಗಿತ್ತು?" ಎಂದು ಹಿರಿಯರು ಕೇಳಿದರು.

"ಮಷಿನ್ನಿಗೇನಾಗೇದ್ರೀ? ಲಗ್ನ ಆದಾಗಿಂದ ಇವತ್ತ ಒಂದs ದಿನ ಗಂಡನ ಮಾತು ಕೇಳೇನಿ, ಅದೂ ಅವರ ಮಾತಲ್ಲಂತ!"